ಡೀಸೆಲ್ ಗಾಡಿಯ ಉಸಿರಿನ ಲೆಕ್ಕ



ಪರಿಸರದ ಸಭೆಗಳಲ್ಲಿ ಕಾಡು, ನದಿ, ಗಣಿ, ಅಣೆಕಟ್ಟುಗಳ ಮಾತು ಬರುವುದು ವಾಡಿಕೆ. ಡೀಸೆಲ್ ಗಾಡಿಯ ಬಾನೆಟ್ಟಿನ ಕೆಳಗೆ ಅಡಗಿರುವ ಸಣ್ಣದೊಂದು ಸೆನ್ಸರಿನ ಮಾತು ಬರುವುದು ಅಪರೂಪ. ಆದರೆ ಮಲೆನಾಡಿನ ದಿನನಿತ್ಯದ ಬದುಕು ಇಂದು ಬಹುಮಟ್ಟಿಗೆ ಡೀಸೆಲ್ ಗಾಡಿಯನ್ನೇ ನಂಬಿದೆ. ಅಡಕೆ, ಕಾಫಿ, ತರಕಾರಿ ಪೇಟೆಗೆ ಇಳಿಯುವುದೂ ಅಕ್ಕಿ, ಗೊಬ್ಬರ ಮೇಲೇರುವುದೂ ಪಿಕಪ್ ಗಾಡಿಯಲ್ಲಿ. ಬಸ್ಸು ಬಾರದ ಹಳ್ಳಿಯಿಂದ ಮಕ್ಕಳನ್ನು ಶಾಲೆಗೆ, ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದು ಜೀಪು. ಅಂಥ ಗಾಡಿಯೊಂದು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎಳೆತ ಕಳೆದುಕೊಂಡು ಕಪ್ಪು ಹೊಗೆ ಉಗುಳತೊಡಗಿದರೆ ಅದರ ಕಷ್ಟ ಮಾಲೀಕನಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ರಸ್ತೆಯ ಅಂಚಿನಲ್ಲಿ ನಡೆದು ಹೋಗುವ ಮಕ್ಕಳು, ತಿರುವಿನ ಚಹಾದಂಗಡಿಯವರು, ಕಣಿವೆಯ ಮನೆಗಳವರು ಎಲ್ಲರೂ ಅದನ್ನು ಉಸಿರಾಡುತ್ತಾರೆ. ಚಳಿಗಾಲದ ಮುಂಜಾನೆ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ ಮಡುಗಟ್ಟಿ ನಿಂತಾಗ ಹೊಗೆ ಮೇಲೇರದೆ ಅಲ್ಲಿಯೇ ಉಳಿಯುತ್ತದೆ. ಡೀಸೆಲ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಅದನ್ನು ಮೊದಲನೆಯ ವರ್ಗಕ್ಕೆ ಸೇರಿಸಿದೆ.

ಇಂಥ ಗಾಡಿ ಗ್ಯಾರೇಜಿಗೆ ಬಂದಾಗ ಸಾಮಾನ್ಯವಾಗಿ ನಡೆಯುವುದೇನು? ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಉರಿಯುತ್ತಿರುತ್ತದೆ. ಸ್ಕ್ಯಾನರ್ ಜೋಡಿಸಿದರೆ ಗಾಳಿ ಅಳೆಯುವ ಸೆನ್ಸರಿಗೆ ಸಂಬಂಧಿಸಿದ ಒಂದು ಸಂಕೇತ ಕಾಣಿಸುತ್ತದೆ. ಅನಂತರ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಲಾಗುತ್ತದೆ. ಹಣವಿದ್ದವರು ಸಾವಿರಾರು ರೂಪಾಯಿ ಕೊಟ್ಟು ಹೊಸ ಸೆನ್ಸರ್ ಹಾಕಿಸುತ್ತಾರೆ. ಇಲ್ಲದವರು ಸೆನ್ಸರಿನ ವೈರನ್ನೇ ಕಳಚಿಸಿ, ಇಜಿಆರ್ ಕೊಳವೆಗೆ ತಗಡು ಬಡಿಸಿ ಗಾಡಿ ಓಡಿಸುತ್ತಾರೆ. ಎರಡರಲ್ಲಿಯೂ ರೋಗ ಯಾವುದೆಂದು ಯಾರೂ ನೋಡಿಲ್ಲ. ಸ್ಕ್ಯಾನರ್ ತೋರಿಸುವ ಸಂಕೇತ ಒಂದು ದೂರು, ತೀರ್ಪಲ್ಲ. ದೂರಿನಲ್ಲಿ ಸೆನ್ಸರಿನ ಹೆಸರಿದೆ ಎಂದ ಮಾತ್ರಕ್ಕೆ ತಪ್ಪು ಸೆನ್ಸರಿನದೇ ಆಗಿರಬೇಕಿಲ್ಲ. ಎಷ್ಟೋ ಬಾರಿ ಅದು ಸತ್ಯ ಹೇಳಿದ ಸಾಕ್ಷಿ ಮಾತ್ರ. ಈ ಉಪನ್ಯಾಸದ ಮುಖ್ಯ ವಿಷಯ ಇಷ್ಟೇ.

ಮೊದಲಿಗೆ ಡೀಸೆಲ್ ಇಂಜಿನ್ನಿನ ಉಸಿರಾಟವನ್ನು ತಿಳಿಯುವುದು ಅಗತ್ಯ. ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಗಾಳಿಗೆ ತೂಕವೆಲ್ಲಿದೆ ಎಂದು ಕೆಲವರಿಗೆ ಅನ್ನಿಸಬಹುದು. ಲೆಕ್ಕ ಹಾಕಿದರೆ ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆಯೆಂದರೂ ಸುಮಾರು 10,000 ಲೀಟರ್ ಗಾಳಿ ಬೇಕಾಗುತ್ತದೆ. ವಾಸ್ತವದಲ್ಲಿ ಡೀಸೆಲ್ ಇಂಜಿನ್ ಇದಕ್ಕಿಂತ ಹೆಚ್ಚಿನ ಗಾಳಿಯಲ್ಲಿಯೇ ಓಡಬೇಕು. ಏಕೆಂದರೆ ಸಿಡಿಸಿದ ಡೀಸೆಲ್ ಹನಿಗೆ ಗಾಳಿಯೊಂದಿಗೆ ಬೆರೆಯಲು ದೊರೆಯುವ ಸಮಯ ಬಹಳ ಕಡಿಮೆ. ಗಾಳಿ ಸಾಲದೆ ಬಂದಾಗ ಅರೆಬೆಂದ ಡೀಸೆಲ್ ಮಸಿಯಾಗುತ್ತದೆ. ಸೈಲೆನ್ಸರಿನಿಂದ ಬರುವ ಕಪ್ಪು ಹೊಗೆಯೆಂದರೆ ಈ ಮಸಿಯೇ.

ಇಲ್ಲಿ ಬೆಟ್ಟದ ಊರಿನವರು ಗಮನಿಸಬೇಕಾದ ವಿಶೇಷವೊಂದಿದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. 1,000 ಮೀಟರ್ ಎತ್ತರದಲ್ಲಿ ಅದು ಸುಮಾರು 90ಕ್ಕೆ ಇಳಿಯುತ್ತದೆ. ಅಂದರೆ ಮಂಗಳೂರಿನಲ್ಲಿ ಹೊರಟ ಗಾಡಿ ಮಡಿಕೇರಿಯನ್ನು ಏರುವ ವೇಳೆಗೆ, ಟರ್ಬೊದ ನೆರವನ್ನು ಬದಿಗಿಟ್ಟರೆ, ಪ್ರತಿ ಉಸಿರಿನಲ್ಲಿಯೂ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಗಾಳಿಯನ್ನು ಕಳೆದುಕೊಂಡಿರುತ್ತದೆ. ಎಳೆತ ಹೆಚ್ಚು ಬೇಕಾದ ಜಾಗದಲ್ಲಿಯೇ ಗಾಳಿ ಕಡಿಮೆ. ಹಳೆಯ ಕಾಲದ ಜೀಪಿನ ಡೀಸೆಲ್ ಪಂಪಿಗೆ ಇದರ ಅರಿವಿರಲಿಲ್ಲ. ಚಾಲಕ ಒತ್ತಿದಷ್ಟು ಡೀಸೆಲನ್ನು ಅದು ಸುರಿಯುತ್ತಿತ್ತು. ಇಂದಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಇಸಿಯು ಎಂಬ ಪುಟ್ಟ ಗಣಕವು ಗಾಳಿಯ ಲೆಕ್ಕವನ್ನು ನೋಡಿ ಡೀಸೆಲ್ ಕೊಡುತ್ತದೆ. ಆ ಲೆಕ್ಕವನ್ನು ಒಪ್ಪಿಸುವವರು ಮೂವರು.

ಮೊದಲನೆಯದು ಏರ್ ಫಿಲ್ಟರಿಗೂ ಟರ್ಬೊಗೂ ನಡುವೆ ಕೂರುವ ಮಾಫ್ ಸೆನ್ಸರ್. ಇದು ಒಳಬರುವ ಗಾಳಿಯ ರಾಶಿಯನ್ನು ಅಳೆಯುತ್ತದೆ. ಇದರಲ್ಲಿ ತೆಳುವಾದ ಒಂದು ಪದರವನ್ನು ವಿದ್ಯುತ್ತಿನಿಂದ ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಹಾದುಹೋದಷ್ಟೂ ಪದರದ ಬಿಸಿ ಹೊರಟುಹೋಗುತ್ತದೆ. ಹೊರಟ ಬಿಸಿಯ ಪ್ರಮಾಣದಿಂದ ಗಾಳಿಯ ಪ್ರಮಾಣ ತಿಳಿಯುತ್ತದೆ. ಬಿಸಿ ಗಂಜಿಗೆ ಊದಿದಾಗ ಅದು ಆರುವ ತತ್ತ್ವವೇ ಇದು. ಎರಡನೆಯದು ಇಂಜಿನ್ನಿಗೆ ಗಾಳಿ ಹಂಚುವ ಕೊಳವೆಯ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್. ಮೂರನೆಯದು ಗಾಳಿಯ ಉಷ್ಣತೆಯನ್ನು ತಿಳಿಸುವ ಸೆನ್ಸರ್. ಹಲವು ಗಾಡಿಗಳಲ್ಲಿ ಇದು ಮೊದಲಿನ ಎರಡರಲ್ಲಿ ಒಂದರೊಳಗೆ ಸೇರಿಕೊಂಡಿರುತ್ತದೆ.

ಇನ್ನು ಇಜಿಆರ್ ಎಂಬುದರ ಪರಿಚಯ ಬೇಕು. ಉರಿದು ಹೊರಬಂದ ಹೊಗೆಯ ಒಂದು ಪಾಲನ್ನು ಮರಳಿ ಇಂಜಿನ್ನಿನೊಳಕ್ಕೆ ಕಳುಹಿಸುವ ಕವಾಟ ಅದು. ಉರಿಯ ಬಿಸಿಯನ್ನು ತಗ್ಗಿಸಿ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡುವುದು ಅದರ ಉದ್ದೇಶ. ಎಷ್ಟು ಹೊಗೆಯನ್ನು ಒಳಬಿಡಬೇಕೆಂಬುದನ್ನು ಇಸಿಯು ತೀರ್ಮಾನಿಸುವುದು ಮುಖ್ಯವಾಗಿ ಮಾಫ್ ಸೆನ್ಸರ್ ಹೇಳಿದ ಲೆಕ್ಕದಿಂದ. ಹೊಗೆ ಹೆಚ್ಚು ಬಂದರೆ ಹೊಸ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಮಾಫ್ ಸೆನ್ಸರಿನ ಅಂಕಿ ಇಳಿಯುತ್ತದೆ. ಈ ಸಂಬಂಧವನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೋಷದ ಲಕ್ಷಣಗಳು ಅರ್ಥವಾಗುತ್ತವೆ.

ಕೊಳೆ ಹಿಡಿದ ಮಾಫ್ ಸೆನ್ಸರ್ ಇರುವುದಕ್ಕಿಂತ ಕಡಿಮೆ ಗಾಳಿ ತೋರಿಸಿದರೆ ಏನಾಗುತ್ತದೆ? ಗಾಳಿ ಸಾಲದೆಂದು ತಿಳಿದ ಇಸಿಯು ಇಜಿಆರ್ ಕವಾಟವನ್ನು ಮುಚ್ಚುತ್ತ ಹೋಗುತ್ತದೆ, ಡೀಸೆಲನ್ನೂ ಕಡಿತಗೊಳಿಸುತ್ತದೆ. ಗಾಡಿಯ ಎಳೆತ ಕುಗ್ಗುತ್ತದೆ. ಕಪ್ಪು ಹೊಗೆ ಮಾತ್ರ ಹೆಚ್ಚಾಗಬೇಕಿಲ್ಲ. ಸೆನ್ಸರ್ ಇರುವುದಕ್ಕಿಂತ ಹೆಚ್ಚು ಗಾಳಿ ತೋರಿಸಿದರೆ ಇದರ ವಿರುದ್ಧ ನಡೆಯುತ್ತದೆ: ಇಜಿಆರ್ ಅತಿಯಾಗಿ ತೆರೆಯುತ್ತದೆ, ಡೀಸೆಲ್ ಹೆಚ್ಚಾಗಿ ಬೀಳುತ್ತದೆ, ಕಪ್ಪು ಹೊಗೆ ಬರುತ್ತದೆ. ಸೆನ್ಸರ್ ಸರಿಯಾಗಿದ್ದೂ ಇದೇ ಪರಿಣಾಮ ಉಂಟಾಗಬಹುದು. ಟರ್ಬೊದಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸು ಸೀಳಿದ್ದರೆ, ಸೆನ್ಸರ್ ಎಣಿಸಿ ಕಳುಹಿಸಿದ ಗಾಳಿ ದಾರಿಯಲ್ಲಿಯೇ ಸೋರಿಹೋಗುತ್ತದೆ. ಲೆಕ್ಕದಲ್ಲಿ ಗಾಳಿಯಿದೆ, ಇಂಜಿನ್ನಿನಲ್ಲಿಲ್ಲ. ಹಾಗೆಯೇ ಮಸಿ ಕಟ್ಟಿ ತೆರೆದೇ ನಿಂತ ಇಜಿಆರ್ ಕವಾಟವಿದ್ದರೆ ಹೊಸ ಗಾಳಿ ನಿಜಕ್ಕೂ ಕಡಿಮೆ ಬರುತ್ತದೆ. ಸೆನ್ಸರ್ ಅದನ್ನು ಪ್ರಾಮಾಣಿಕವಾಗಿ ವರದಿ ಮಾಡುತ್ತದೆ. ಸ್ಕ್ಯಾನರಿನಲ್ಲಿ ಸೆನ್ಸರಿನ ಹೆಸರೇ ಬರುತ್ತದೆ. ಇಂಥ ಗಾಡಿಗೆ ಹತ್ತು ಹೊಸ ಸೆನ್ಸರ್ ಹಾಕಿದರೂ ಹೊಗೆ ನಿಲ್ಲದು.

ಆದುದರಿಂದ ಪರೀಕ್ಷೆಗೆ ಒಂದು ಕ್ರಮವಿರಬೇಕು. ಹಣ ಬೇಡದ ಪರೀಕ್ಷೆ ಮೊದಲು, ಹಣ ಬೇಡುವ ದುರಸ್ತಿ ಕೊನೆಗೆ.

ಮೊದಲ ಹಂತ ಚಾಲಕನನ್ನು ವಿಚಾರಿಸುವುದು. ತೊಂದರೆ ಶುರುವಾದದ್ದು ಯಾವಾಗ? ಮಳೆ ನೀರಿನಲ್ಲಿ ಗಾಡಿ ಇಳಿದ ಮೇಲೆಯೇ, ಫಿಲ್ಟರ್ ಬದಲಿಸಿದ ಮೇಲೆಯೇ, ಬಹಳ ದಿನ ನಿಲ್ಲಿಸಿ ತೆಗೆದ ಮೇಲೆಯೇ? ಏರಿನಲ್ಲಿ ಮಾತ್ರವೇ, ಸಮತಟ್ಟಿನಲ್ಲಿಯೂ ಉಂಟೇ? ಹೊಗೆಯ ಬಣ್ಣ ಯಾವುದು? ಕಪ್ಪು ಹೊಗೆ ಗಾಳಿಯ ಕೊರತೆಯನ್ನು ಅಥವಾ ಡೀಸೆಲಿನ ಅತಿರೇಕವನ್ನು ಸೂಚಿಸುತ್ತದೆ. ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಬಿಳಿ ಹೊಗೆ ಉರಿಯದ ಡೀಸೆಲ್ ಅಥವಾ ನೀರಿನದು. ನೀಲಿ, ಬಿಳಿ ಹೊಗೆಗೆ ಗಾಳಿಯ ಸೆನ್ಸರನ್ನು ದೂರುವುದರಲ್ಲಿ ಅರ್ಥವಿಲ್ಲ. ಕಪ್ಪು ಹೊಗೆಗೂ ಹಾಳಾದ ಇಂಜೆಕ್ಟರ್ ಕಾರಣವಾಗಬಹುದೆಂಬುದನ್ನು ಮರೆಯಬಾರದು.

ಎರಡನೆಯ ಹಂತ ಕಣ್ಣಿನಿಂದ ನೋಡುವುದು. ಇಂಜಿನ್ ನಿಲ್ಲಿಸಿ, ಗಾಡಿಯ ಚಕ್ರಗಳಿಗೆ ಕಲ್ಲು ಕೊಟ್ಟು, ಏರ್ ಫಿಲ್ಟರಿನ ಪೆಟ್ಟಿಗೆ ತೆರೆಯಬೇಕು. ಬೇಸಗೆಯಲ್ಲಿ ಮಣ್ಣುರಸ್ತೆಯ ಕೆಂಧೂಳು, ಮಳೆಗಾಲದಲ್ಲಿ ತೇವ, ಕೊಟ್ಟಿಗೆಯ ಬದಿಯಲ್ಲಿ ನಿಲ್ಲಿಸಿದ ಗಾಡಿಯಾದರೆ ಇಲಿಯ ಗೂಡು ಇವೆಲ್ಲವೂ ಅಲ್ಲಿ ಸಿಗಬಹುದು. ಫಿಲ್ಟರ್ ಹರಿದಿದ್ದರೆ ಧೂಳು ನೇರವಾಗಿ ಸೆನ್ಸರನ್ನು ಸೇರಿರುತ್ತದೆ. ಜೋರಾದ ಗಾಳಿ ಹೊಡೆದು ಕಾಗದದ ಫಿಲ್ಟರನ್ನು ಮತ್ತೆ ಮತ್ತೆ ಬಳಸುವ ಪದ್ಧತಿಯಿಂದ ಅದು ಹರಿಯುವುದುಂಟು. ಎಣ್ಣೆ ಸವರಿದ ಬದಲಿ ಫಿಲ್ಟರುಗಳಲ್ಲಿ ಎಣ್ಣೆ ಹೆಚ್ಚಾದರೆ ಅದು ಸೆನ್ಸರಿನ ಪದರಕ್ಕೆ ಅಂಟಿಕೊಳ್ಳಬಹುದು. ಅನಂತರ ಫಿಲ್ಟರಿನಿಂದ ಟರ್ಬೊಗೆ, ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ಪ್ರತಿಯೊಂದು ಹೋಸನ್ನೂ ಕೈಯಿಂದ ಒತ್ತಿ ಬಗ್ಗಿಸಿ ನೋಡಬೇಕು. ಬಿರುಕಿನ ಸುತ್ತ ಸಾಮಾನ್ಯವಾಗಿ ಎಣ್ಣೆಯ ಕಪ್ಪು ಕಲೆ ಇರುತ್ತದೆ. ಏರಿನಲ್ಲಿ ಗಾಡಿ ಶಿಳ್ಳೆ ಹಾಕಿದಂತೆ ಅಥವಾ ಬುಸುಗುಟ್ಟಿದಂತೆ ಸದ್ದು ಮಾಡುತ್ತಿದ್ದರೆ ಸೋರಿಕೆಯನ್ನೇ ಮೊದಲು ಸಂಶಯಿಸಬೇಕು. ಕೆಲವು ವೇಳೆ ಸಡಿಲವಾದ ಒಂದು ಕ್ಲಾಂಪನ್ನು ತಿರುಪಿನಿಂದ ಬಿಗಿಮಾಡಿದರೆ ಇಡೀ ದುರಸ್ತಿ ಮುಗಿಯುತ್ತದೆ.

ಮೂರನೆಯ ಹಂತ ವೈರು ಮತ್ತು ಕನೆಕ್ಟರ್. ಮಲೆನಾಡಿನ ಮಳೆಗಾಲದಲ್ಲಿ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದು ಸಾಮಾನ್ಯ. ಇಲಿ ಕಡಿದ ವೈರು ಹೊರಗಿನಿಂದ ಸರಿಯಾಗಿ ಕಂಡು ಒಳಗೆ ಒಂದೆರಡು ಎಳೆಗಳಲ್ಲಿ ನಿಂತಿರಬಹುದು. ಮಲ್ಟಿಮೀಟರಿನಿಂದ ಸೆನ್ಸರಿಗೆ ಬರಬೇಕಾದ ವಿದ್ಯುತ್ ಬರುತ್ತಿದೆಯೇ, ಅರ್ತಿಂಗ್ ಗಟ್ಟಿಯಾಗಿದೆಯೇ ಎಂದು ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಂಕಿಗೆ ಹೋಲಿಸಿ ನೋಡಬೇಕು. ಅರ್ತಿಂಗ್ ಕೆಟ್ಟಿದ್ದರೆ ಒಳ್ಳೆಯ ಸೆನ್ಸರೂ ತಪ್ಪು ಲೆಕ್ಕವನ್ನೇ ಒಪ್ಪಿಸುತ್ತದೆ.

ನಾಲ್ಕನೆಯ ಹಂತದಲ್ಲಿ ಸ್ಕ್ಯಾನರ್. ಸಂಕೇತವನ್ನು ಅಳಿಸುವ ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. ಪಿ0102 ಎಂದರೆ ಮಾಫ್ ಸೆನ್ಸರಿನ ಸಂಕೇತ ತೀರ ಕಡಿಮೆಯಾಗಿದೆ ಎಂದರ್ಥ. ತುಂಡಾದ ವೈರು, ಕಳಚಿದ ಕನೆಕ್ಟರ್ ಇದಕ್ಕೆ ಸಾಮಾನ್ಯ ಕಾರಣಗಳು. ಪಿ0103 ಎಂದರೆ ಸಂಕೇತ ಅತಿ ಹೆಚ್ಚು. ಪಿ0101 ಎಂದರೆ ಸೆನ್ಸರ್ ಹೇಳುವುದಕ್ಕೂ ಇಸಿಯು ನಿರೀಕ್ಷಿಸುವುದಕ್ಕೂ ತಾಳೆಯಾಗುತ್ತಿಲ್ಲ ಎಂದು. ಈ ಮೂರನೆಯದು ಬಂದಾಗ ಹೆಚ್ಚಿನ ಎಚ್ಚರ ಬೇಕು. ಸೋರಿದ ಹೋಸು, ಕಟ್ಟಿದ ಫಿಲ್ಟರ್, ಸಿಕ್ಕಿಕೊಂಡ ಇಜಿಆರ್ ಯಾವುದಾದರೂ ಅದನ್ನು ತರಿಸಬಲ್ಲದು.

ಐದನೆಯ ಹಂತ ಬೆಟ್ಟದ ಊರಿನಲ್ಲಿ ಬಹಳ ಉಪಯುಕ್ತವಾದದ್ದು. ಇಂಜಿನ್ ಶುರು ಮಾಡದೆ, ಬೀಗ ತಿರುಗಿಸಿ ಸ್ಕ್ಯಾನರಿನ ಅಂಕಿಗಳನ್ನು ನೋಡಬೇಕು. ಆಗ ಮ್ಯಾಪ್ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು: ಕರಾವಳಿಯಲ್ಲಿ 101ರ ಆಸುಪಾಸು, 1,000 ಮೀಟರ್ ಎತ್ತರದಲ್ಲಿ 90ರ ಆಸುಪಾಸು. ಹವೆಯ ಬದಲಾವಣೆಯಿಂದ ಒಂದೆರಡು ಅಂಕಿ ಆಚೀಚೆಯಾಗಬಹುದು. ಮಡಿಕೇರಿಯಲ್ಲಿ ನಿಂತ ಗಾಡಿ 101 ತೋರಿಸುತ್ತಿದ್ದರೆ ಆ ಸೆನ್ಸರನ್ನು ನಂಬುವಂತಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಗಾಳಿಯ ಉಷ್ಣತೆ ಮತ್ತು ರೇಡಿಯೇಟರ್ ನೀರಿನ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿಯ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ತೋರಿಸಿದರೆ ವೈರು ತುಂಡಾಗಿದೆ ಎಂದು ತಿಳಿಯಬೇಕು. ಅಂಥ ಚಳಿ ಮಲೆನಾಡಿಗೆ ಬಂದದ್ದಿಲ್ಲ.

ಆರನೆಯ ಹಂತ ವಿದ್ಯಾರ್ಥಿಗಳಿಗೆ ಪ್ರಿಯವಾಗಬಹುದಾದ ಲೆಕ್ಕ. 2.5 ಲೀಟರಿನ, ನಾಲ್ಕು ಸಿಲಿಂಡರಿನ ಪಿಕಪ್ ಒಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಪ್ರತಿ ಸಿಲಿಂಡರ್ ಒಂದು ಉಸಿರಿನಲ್ಲಿ 625 ಮಿಲಿಲೀಟರ್ ಗಾಳಿ ಎಳೆಯಬಲ್ಲದು. 25 ಡಿಗ್ರಿ ಉಷ್ಣತೆಯಲ್ಲಿ ಅಷ್ಟು ಗಾಳಿಯ ತೂಕ ಕರಾವಳಿಯಲ್ಲಿ ಸುಮಾರು 740 ಮಿಲಿಗ್ರಾಂ, 1,000 ಮೀಟರ್ ಎತ್ತರದಲ್ಲಿ ಸುಮಾರು 655 ಮಿಲಿಗ್ರಾಂ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲವಾದ್ದರಿಂದ ಶೇಕಡಾ 10ರಿಂದ 20ರಷ್ಟನ್ನು ಕಳೆಯಬೇಕು. ಆಗ ಇಜಿಆರ್ ಮುಚ್ಚಿರುವಾಗ, ಐಡ್ಲಿಂಗಿನಲ್ಲಿ, ಕರಾವಳಿಯಲ್ಲಿ 590ರಿಂದ 665, ಬೆಟ್ಟದಲ್ಲಿ 525ರಿಂದ 590 ಮಿಲಿಗ್ರಾಂ ಬರಬೇಕು. ಬೆಟ್ಟದ ಗ್ಯಾರೇಜಿನಲ್ಲಿ 540 ತೋರಿಸುವ ಸೆನ್ಸರನ್ನು ಬಯಲಿನ ಅಂಕಿಗೆ ಹೋಲಿಸಿದರೆ ಅದು ಕೆಟ್ಟಿದೆ ಎನ್ನಿಸುತ್ತದೆ. ಎತ್ತರದ ಲೆಕ್ಕ ಹಿಡಿದರೆ ಅದು ಸರಿಯಾಗಿಯೇ ಇದೆ. ಇಜಿಆರ್ ತೆರೆದಾಗ ಈ ಅಂಕಿ ಸ್ಪಷ್ಟವಾಗಿ ಇಳಿಯಬೇಕು, ಮುಚ್ಚಿದಾಗ ಏರಬೇಕು. ಸ್ಕ್ಯಾನರಿನಿಂದ ಕವಾಟವನ್ನು ಮುಚ್ಚಿಸಿದರೂ ಅಂಕಿ ಏರದಿದ್ದರೆ ಕವಾಟ ಮಸಿಯಲ್ಲಿ ಸಿಕ್ಕಿಕೊಂಡಿರುವ ಸಾಧ್ಯತೆಯಿದೆ. ಅದನ್ನು ಬಿಚ್ಚಿ ನೋಡಬೇಕು.

ಏಳನೆಯ ಹಂತದಲ್ಲಿ ಮಾತ್ರ ಸೆನ್ಸರಿನ ಕನೆಕ್ಟರ್ ಕಳಚಿ ಗಾಡಿ ಓಡಿಸಿ ನೋಡಬಹುದು. ಹಾಗೆ ಮಾಡಿದಾಗ ಇಸಿಯು ತನ್ನ ನೆನಪಿನಲ್ಲಿರುವ ಒಂದು ಅಂದಾಜಿನ ಅಂಕಿಯನ್ನು ಬಳಸುತ್ತದೆ, ಸಾಮಾನ್ಯವಾಗಿ ಇಜಿಆರನ್ನೂ ಮುಚ್ಚುತ್ತದೆ. ಗಾಡಿ ಮೊದಲಿಗಿಂತ ಚೆನ್ನಾಗಿ ಎಳೆದರೆ ಸೆನ್ಸರಿನ ಮೇಲೆ ಅಥವಾ ಇಜಿಆರಿನ ಮೇಲೆ ಸಂಶಯ ಬಲವಾಗುತ್ತದೆ, ಅಷ್ಟೇ. ಇದು ಐದು ನಿಮಿಷದ ಪರೀಕ್ಷೆ. ದುರಂತವೆಂದರೆ ಅನೇಕ ಗಾಡಿಗಳಲ್ಲಿ ಈ ಪರೀಕ್ಷೆಯೇ ಶಾಶ್ವತ ಚಿಕಿತ್ಸೆಯಾಗಿ ಉಳಿದುಬಿಡುತ್ತದೆ.

ಸೆನ್ಸರ್ ಕೊಳೆಯಾಗಿದೆ ಎಂದು ಖಚಿತವಾದರೆ ಅದಕ್ಕೆಂದೇ ತಯಾರಾದ ಸ್ಪ್ರೇಯನ್ನು ಬಳಸಿ ತೊಳೆದು, ತಾನಾಗಿ ಒಣಗಲು ಬಿಟ್ಟು ಮತ್ತೆ ಅಂಕಿಗಳನ್ನು ನೋಡಬೇಕು. ಬಟ್ಟೆಯಿಂದ ಒರೆಸುವುದು, ಬೆರಳಿನಿಂದ ಮುಟ್ಟುವುದು, ಪೆಟ್ರೋಲಿನಲ್ಲಿ ಅದ್ದುವುದು, ಕಂಪ್ರೆಸರಿನ ಗಾಳಿ ಹೊಡೆಯುವುದು ಯಾವುದೂ ಸಲ್ಲದು. ಪದರ ಬಹಳ ನಾಜೂಕಾದದ್ದು. ತೊಳೆದ ಮೇಲೂ ಅಂಕಿ ಸರಿಹೋಗದಿದ್ದರೆ, ಹೋಸು, ವೈರು, ಇಜಿಆರ್ ಎಲ್ಲವೂ ಸರಿಯಾಗಿದ್ದರೆ, ಆಗ ಹೊಸ ಸೆನ್ಸರಿಗೆ ಹಣ ಕೊಡುವುದು ನ್ಯಾಯ. ಕೆಟ್ಟು ಹೋಗಲು ಕಾರಣವಾದ ಹರಿದ ಫಿಲ್ಟರನ್ನು ಮಾತ್ರ ಹಾಗೆಯೇ ಬಿಡಬಾರದು.

ಇಜಿಆರಿಗೆ ತಗಡು ಬಡಿಯುವ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ತಗಡು ಬಡಿದ ಗಾಡಿಯಲ್ಲಿ ಕಪ್ಪು ಹೊಗೆ ಕಡಿಮೆಯಾಗಬಹುದು. ಮಾಲೀಕನಿಗೆ ಪರಿಸರಕ್ಕೆ ಒಳ್ಳೆಯದನ್ನೇ ಮಾಡಿದೆನೆಂಬ ಸಮಾಧಾನವೂ ಆಗಬಹುದು. ಆದರೆ ಉರಿಯ ಬಿಸಿ ಏರಿ ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳು ಹೆಚ್ಚುತ್ತವೆ. ಇವು ಶ್ವಾಸಕೋಶವನ್ನು ಕೆರಳಿಸುತ್ತವೆ; ಬಿಸಿಲಿನಲ್ಲಿ ಇತರ ಅನಿಲಗಳೊಂದಿಗೆ ಸೇರಿ ನೆಲಮಟ್ಟದ ಓಝೋನನ್ನು ಉಂಟುಮಾಡುತ್ತವೆ. ಆ ಓಝೋನ್ ಮನುಷ್ಯನ ಉಸಿರಿಗೂ ಗಿಡಗಳ ಎಲೆಗೂ ಹಾನಿಕರ. ಹೊಗೆ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ಗಾಡಿಯ ಹೊಗೆಯ ದಟ್ಟಣೆಯನ್ನು ಮಾತ್ರ ಅಳೆಯುತ್ತಾರೆ, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದಿಲ್ಲ. ಆದ್ದರಿಂದ ತಗಡು ಬಡಿದ ಗಾಡಿಗೂ ಪ್ರಮಾಣಪತ್ರ ಸಿಗಬಹುದು. ಪ್ರಮಾಣಪತ್ರ ಇದೆ ಎಂದ ಮಾತ್ರಕ್ಕೆ ಗಾಳಿ ಶುದ್ಧವಾಯಿತೆಂದು ತಿಳಿಯುವಂತಿಲ್ಲ. ಮೋಟಾರು ವಾಹನ ಕಾಯಿದೆಯ 190(2)ನೆಯ ಕಲಮಿನ ಪ್ರಕಾರ ವಾಯುಮಾಲಿನ್ಯದ ಮಾನಕಗಳನ್ನು ಮೀರಿ ಗಾಡಿ ಓಡಿಸುವುದು ಶಿಕ್ಷಾರ್ಹ ಅಪರಾಧವೂ ಹೌದು.

ದೇಶದಲ್ಲಿ 2017ರ ಏಪ್ರಿಲಿನಿಂದ ಭಾರತ್ ಸ್ಟೇಜ್ 4, 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ಮಾನಕಗಳು ಎಲ್ಲೆಡೆ ಜಾರಿಗೆ ಬಂದವು. ಹೊಸ ಮಾನಕದ ಡೀಸೆಲ್ ಗಾಡಿಗಳಲ್ಲಿ ಮಸಿಯನ್ನು ಹಿಡಿದಿಡುವ ಜಾಲಕವೂ ಇರುತ್ತದೆ. ಗಾಳಿಯ ಲೆಕ್ಕ ತಪ್ಪಿದ ಗಾಡಿಯಲ್ಲಿ ಮಸಿ ಅಧಿಕವಾಗಿ ಆ ಜಾಲಕ ಬೇಗನೆ ಕಟ್ಟಿಕೊಳ್ಳುತ್ತದೆ. ಅದರ ಬೆಲೆ ಸೆನ್ಸರಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಕ್ಲಾಂಪ್ ಬಿಗಿಮಾಡಿ ಮುಗಿಸಬಹುದಾಗಿದ್ದ ಕೆಲಸವನ್ನು ಅಲಕ್ಷಿಸಿದರೆ ಕೊನೆಗೆ ತೆರಬೇಕಾದ ಬೆಲೆ ಇದು. ಕಾನೂನು ಕಟ್ಟುನಿಟ್ಟಾಗಿ ಹೊಸ ಗಾಡಿ ಶುದ್ಧವಾದಷ್ಟೂ ಅದನ್ನು ಶುದ್ಧವಾಗಿ ಉಳಿಸುವ ಹೊಣೆ ಹಳ್ಳಿಯ ಗ್ಯಾರೇಜಿನ ಮೇಲೆ ಬೀಳುತ್ತದೆ.

ಈ ಹೊಣೆಯನ್ನು ಮೆಕ್ಯಾನಿಕ್ ಒಬ್ಬನ ತಲೆಗೇ ಕಟ್ಟುವುದು ಸರಿಯಲ್ಲ. ಗಾಡಿ ಮರುದಿನ ಬೆಳಿಗ್ಗೆ ಹೊರಡಲೇಬೇಕೆಂದು ಮಾಲೀಕ ಅವಸರ ಮಾಡುತ್ತಾನೆ. ಹುಡುಕುವ ಕೆಲಸಕ್ಕೆ ಕೂಲಿ ಕೊಡಲು ಹಿಂಜರಿದು, ಬಿಡಿಭಾಗಕ್ಕಾದರೆ ಚೌಕಾಸಿಯಿಲ್ಲದೆ ಹಣ ಕೊಡುತ್ತಾನೆ. ದೋಷ ಹುಡುಕಿದ ಶ್ರಮಕ್ಕೆ ಬೆಲೆ ಸಿಗದ ಕಡೆ ಬಿಡಿಭಾಗ ಬದಲಿಸುವ ಅಭ್ಯಾಸ ಬೆಳೆಯುವುದು ಸಹಜ. ಅರ್ಧ ದಿನ ಹುಡುಕಿ ಸೀಳಿದ ಹೋಸನ್ನು ಪತ್ತೆಹಚ್ಚಿದ ಮೆಕ್ಯಾನಿಕ್ಕಿಗೆ ಆ ಅರ್ಧ ದಿನದ ಕೂಲಿ ಸಲ್ಲಬೇಕು. ಅದು ಹೊಸ ಸೆನ್ಸರಿನ ಬೆಲೆಗಿಂತ ಕಡಿಮೆಯೇ ಆಗುತ್ತದೆ.

ಊರಿನವರು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ನಾಲ್ಕಾರು ಗಾಡಿಗಳ ಮಾಲೀಕರು ಸೇರಿ ಒಂದು ಸಾಧಾರಣ ಸ್ಕ್ಯಾನರನ್ನೂ ಒಂದು ಮಲ್ಟಿಮೀಟರನ್ನೂ ಹಂಚಿಕೊಳ್ಳಬಹುದು. ಪ್ರತಿ ಗಾಡಿಗೆ ಒಂದು ನೋಟುಪುಸ್ತಕವಿಟ್ಟು, ಗಾಡಿ ಚೆನ್ನಾಗಿರುವಾಗಲೇ ಐಡ್ಲಿಂಗಿನ ಗಾಳಿಯ ಅಂಕಿ, ಬೀಗ ತಿರುಗಿಸಿದಾಗಿನ ಒತ್ತಡ, ಫಿಲ್ಟರ್ ಬದಲಿಸಿದ ದಿನ, ಲೀಟರಿಗೆ ಓಡಿದ ಕಿಲೋಮೀಟರ್ ಇವನ್ನು ಬರೆದಿಡಬಹುದು. ಆರೋಗ್ಯದಲ್ಲಿದ್ದಾಗಿನ ಅಂಕಿ ತಿಳಿದಿದ್ದರೆ ರೋಗದ ಅಂಕಿ ತಾನಾಗಿಯೇ ಎದ್ದು ಕಾಣುತ್ತದೆ. ಐಟಿಐ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ತಮ್ಮ ಊರಿನ ಎತ್ತರಕ್ಕೆ ಹೊಂದುವ ಅಂಕಿಗಳ ಪಟ್ಟಿಯೊಂದನ್ನು ತಯಾರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿದರೆ, ಬಯಲಿನ ಕೈಪಿಡಿ ಹಿಡಿದು ಬೆಟ್ಟದ ಗಾಡಿಯನ್ನು ಅಳೆಯುವ ತಪ್ಪು ನಿಲ್ಲುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ದಿನ, ಮಳೆ ನಿಂತ ಮೇಲೆ ಒಂದು ದಿನ ಊರಿನ ಗಾಡಿಗಳ ಫಿಲ್ಟರ್, ಹೋಸು, ಕನೆಕ್ಟರ್‌ಗಳನ್ನು ಒಟ್ಟಾಗಿ ನೋಡುವ ಪದ್ಧತಿ ಬಂದರೆ ಇನ್ನೂ ಒಳ್ಳೆಯದು.

ಘಟ್ಟದ ಗಾಳಿಯನ್ನು ಕಾಪಾಡುವ ಕೆಲಸದಲ್ಲಿ ಮರ ನೆಡುವುದಕ್ಕೂ ಮನವಿ ಸಲ್ಲಿಸುವುದಕ್ಕೂ ಅವುಗಳದೇ ಸ್ಥಾನವಿದೆ. ಸಡಿಲವಾದ ಕ್ಲಾಂಪನ್ನು ಹುಡುಕಿ ಬಿಗಿಮಾಡುವುದೂ ಆ ಕೆಲಸಕ್ಕೇ ಸೇರಿದ್ದು. ಮುಂದಿನ ಬಾರಿ ಇಂಜಿನ್ ದೀಪ ಉರಿದಾಗ ಸೆನ್ಸರಿನ ಬೆಲೆ ಕೇಳುವ ಮೊದಲು ಫಿಲ್ಟರಿನ ಪೆಟ್ಟಿಗೆಯನ್ನು ತೆರೆದು ನೋಡುವಷ್ಟು ತಾಳ್ಮೆ ಊರಿನ ಒಬ್ಬೊಬ್ಬ ಮಾಲೀಕನಲ್ಲಿಯೂ ಮೂಡಲಿ.